ಮೂರು ಬಿಳಿ ಗೆರೆ

ನನ್ನ ಸೋದರಮಾವ ಮರದ ವಯಸ್ಸನ್ನು ವರ್ಷದಲ್ಲಿ ಹೇಳುವವರಲ್ಲ, ಮಳೆಯಲ್ಲಿ ಹೇಳುವವರು. "ಇದು ಒಂದು ಮಳೆದು. ಅದು ಎರಡು ಮಳೆದು. ಆ ಮೂಲೆದಕ್ಕೆ ಏಳು ಮಳೆ ಆಯ್ತು, ಅದನ್ನ ಮುಟ್ಬೇಡ ಮಾರಾಯ." ಹೊಸನಗರದಿಂದ ಹುಲಿಕಲ್ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಅವರ ಬಚ್ಚಲುಮನೆಯ ಅಟ್ಟದಲ್ಲಿ, ಸ್ನಾನದ ಹಂಡೆಯ ಒಲೆಗೆ ನೇರ ಮೇಲೆ, ಬಗನೆ ಮರದ ಉದ್ದುದ್ದ ಸೀಳುಗಳು ಸದಾ ಮಲಗಿರುತ್ತವೆ. ನಾವು ಅವನ್ನು ದಬ್ಬೆ ಅನ್ನುತ್ತೇವೆ. ಆ ದಬ್ಬೆಯಿಂದ ಬಿಲ್ಲು ಮಾಡುವುದು ಮಾವನ ಕೆಲಸ.

ಮೊದಲು ಅವು ಮಂಗ ಓಡಿಸುವ ಬಿಲ್ಲುಗಳು. ಬಾಣದ ಬದಲು ಒಣಗಿದ ಮಣ್ಣುಂಡೆ ಹೊಡೆಯುವಂಥವು. ಈಗ ಮಂಗಗಳಿಗೆ ಬಿಲ್ಲಿನ ಹೆದರಿಕೆ ಹೋಗಿದೆ, ಜನರಿಗೆ ಮಂಗ ಓಡಿಸುವ ಪುರುಸೊತ್ತೂ ಹೋಗಿದೆ. ಮಾವನ ಪುಣ್ಯಕ್ಕೆ ಬಿಲ್ಲುಗಾರಿಕೆ ಕಲಿಯುವ ಕೆಲವರು ಹುಡುಕಿಕೊಂಡು ಬರತೊಡಗಿದರು. ಮರದ ಬಿಲ್ಲಿಗೇ ಬೇರೆ ಸ್ಪರ್ಧೆ ಇರುತ್ತದಂತೆ. ಮಾವನ ಕೈ ನಡುಗಲು ಶುರುವಾದ ಮೇಲೆ ದಬ್ಬೆ ಹದ ಮಾಡುವುದು ಅವರದು, ಬಿಲ್ಲು ಕೆತ್ತುವುದು ನನ್ನದು ಎಂದಾಯಿತು. ನನಗೆ ಸಾಗರದಲ್ಲಿ, ಹೊಸನಗರದ ರಸ್ತೆಗೆ ಮುಖ ಮಾಡಿದ, ಬಾಗಿಲು ಕಿಟಕಿ ಮಾಡುವ ಅಂಗಡಿ ಇದೆ. ಕೆತ್ತುವ ಕೈ ನನ್ನದು ಚೆನ್ನಾಗಿದೆ. ಅದರಲ್ಲಿ ಸಂಕೋಚ ಏನಿಲ್ಲ. ಸಂಕೋಚ ಬೇರೆ ಕಡೆ ಇದೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ದಬ್ಬೆಯ ಹದ ಅಂದರೆ ಒಣಗಿಸುವುದಷ್ಟೇ ಅಲ್ಲ. ಮಾವ ಮನೆಯ ಹಿಂದಿನ ಕುರುಚಲು ಹಕ್ಕಲಿನಲ್ಲಿ ಬಗನೆ ಮರ ಕಡಿಯುವುದು ಮಾಘದ ಅಮಾವಾಸ್ಯೆಯ ಆಸುಪಾಸಿನಲ್ಲಿ. ಬೆಳದಿಂಗಳ ದಿನಗಳಲ್ಲಿ ಕಡಿದರೆ ಕುಟ್ಟೆ ಹುಳ ಹಿಡಿಯುತ್ತದೆ ಅನ್ನುತ್ತಾರೆ. ಒಳಗಿನ ಮೆತ್ತನೆಯ ತಿರುಳು ತೆಗೆದು, ಹೊರಗಿನ ಕಪ್ಪು ಗಟ್ಟಿ ಭಾಗವನ್ನು ಬೆಣೆ ಹೊಡೆದು ಸೀಳುತ್ತಾರೆ. ಎರಡು ತುದಿಗೂ ಸಗಣಿ ಮೆತ್ತಿ ತಿಂಗಳುಗಟ್ಟಲೆ ನೆರಳಲ್ಲಿಡುತ್ತಾರೆ. ತುದಿಯಿಂದ ನೀರು ಬೇಗ ಹೋದರೆ ಬಿರುಕು ಬಿಡುತ್ತದೆ. ಮಳೆ ಹಿಡಿಯುವ ಮೊದಲು ಅಟ್ಟಕ್ಕೆ. ಅಲ್ಲಿಂದ ಶುರು ನೋಡಿ. ಮಳೆಗಾಲದ ಥಂಡಿ ದಬ್ಬೆಯ ಒಳಗೆ ಹೋಗುತ್ತದೆ, ದಿನಾ ಬೆಳಿಗ್ಗೆ ನೀರು ಕಾಯಿಸುವ ಒಲೆಯ ಹೊಗೆ ಅದನ್ನು ಹೊರಗೆ ಅಟ್ಟುತ್ತದೆ. ಹೋಗುವುದು, ಬರುವುದು, ಹೋಗುವುದು, ಬರುವುದು. ಮೂರು ಮಳೆ ಹೀಗೆ ಕಳೆದರೆ ಆಮೇಲೆ ಏನು ಥಂಡಿ ಬಂದರೂ ಏನು ಬಿಸಿಲು ಬಂದರೂ ದಬ್ಬೆ ಮೈ ತಿರುಚುವುದಿಲ್ಲ. ಮಾವ ಅದನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದು ಲೆಕ್ಕ.

ಲೆಕ್ಕ ಇಡುವುದಕ್ಕೆ ಒಂದು ಪದ್ಧತಿ ಇದೆ. ದೀಪಾವಳಿಗೆ ಮೊದಲು, ನೀರು ತುಂಬುವ ಹಬ್ಬದ ಸಂಜೆ, ಅತ್ತೆ ಹಂಡೆ ಉಜ್ಜಿ ತೊಳೆದು ಕೆಮ್ಮಣ್ಣು ಶೇಡಿಯಲ್ಲಿ ಚಿತ್ರ ಬರೆಯುತ್ತಾರಲ್ಲ, ಆಗ ಉಳಿದ ಶೇಡಿಯನ್ನು ಮಾವ ಗರಟೆಯಲ್ಲಿ ತೆಗೆದುಕೊಳ್ಳುತ್ತಾರೆ. ಶೇಡಿ ಅಂದರೆ ಬಿಳಿ ಮಣ್ಣಿನ ಬಣ್ಣ. ಅಟ್ಟದ ದಬ್ಬೆಗಳನ್ನೆಲ್ಲ ಇಳಿಸಿ, ಒಂದೊಂದಕ್ಕೂ ನಡುಭಾಗದ ಹತ್ತಿರ ಒಂದೊಂದು ಬಿಳಿ ಗೆರೆ. ಆ ವರ್ಷದ ಮಳೆಗೆ ಒಂದು. ಬಿಲ್ಲು ಕೆತ್ತುವಾಗ ಆ ಜಾಗದ ಹೊರಮೈಯನ್ನು ಹೆರೆಯುವುದಿಲ್ಲ, ಹಾಗಾಗಿ ಗೆರೆ ಬಿಲ್ಲಿನ ಮೇಲೆ ಉಳಿಯುತ್ತದೆ. ಮಾವನ ಬಿಲ್ಲು ಬಲ್ಲವರು ಮೊದಲು ನೋಡುವುದೇ ಅದನ್ನು. ಗರಟೆ ಹಿಡಿದು ಪಕ್ಕದಲ್ಲಿ ನಿಲ್ಲುವುದು ನಾನು, ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ. ಗೆರೆ ಎಳೆಯುವುದು ಮಾತ್ರ ಮಾವನೇ.

ಎರಡು ವರ್ಷದ ಹಿಂದಿನ ಆ ಹಬ್ಬಕ್ಕೆ ಮಾವ ಮೂರು ದಬ್ಬೆ ಬೇರೆ ತೆಗೆದಿಟ್ಟರು. ಒಂದು ಮಳೆಯವು. ಗೆರೆ ಆಗತಾನೇ ಎಳೆದಿದ್ದರು, ಕೈ ನಡುಗಿ ಗೆರೆ ಡೊಂಕಾಗಿತ್ತು.

"ನಿನ್ನ ಮನೆ ಬಚ್ಚಲಲ್ಲೂ ಒಲೆ ಇದ್ಯಲ್ಲ. ಇನ್ನೆರಡು ಮಳೆ ಅಲ್ಲಿ ಕಳೀಲಿ. ನಾನು ಎಷ್ಟು ದಿನ ಅಂತ ಅಟ್ಟ ಹತ್ತೋದು?"

ಅವರು ಹದದ ಕೆಲಸ ನನ್ನ ಕೈಗೆ ಕೊಟ್ಟಿದ್ದು ಅದೇ ಮೊದಲು. ಸಾಗರಕ್ಕೆ ಬರುವಾಗ ನನ್ನ ಎದೆ ಉಬ್ಬಿತ್ತು. ಹೆಂಡತಿಗೆ ಮೂರು ಸಲ ಹೇಳಿದೆ. ನಾಲ್ಕನೇ ಸಲಕ್ಕೆ ಅವಳು, "ಗೊತ್ತಾಯ್ತು ಮಾರಾಯ್ರೆ, ಇನ್ನು ಊರಿಗೆ ಡಂಗುರ ಹೊಡೆಸಿ" ಅಂದಳು.

ಮುಂದಿನ ವಾರವೇ ಆ ಕಂಡಕ್ಟರ್ ಬಂದರು. ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಯ ಬಸ್ಸಿನಲ್ಲಿ ಟಿಕೆಟ್ ಕೊಡುವ ಹೆಂಗಸು, ಮೂವತ್ತೈದರ ಆಸುಪಾಸು. ನಮ್ಮ ಅಂಗಡಿ ಮುಂದೆ ದಿನಾ ಹೋಗುತ್ತಿದ್ದವರೇ. ತೀರ್ಥಹಳ್ಳಿಯಲ್ಲಿ ಮನೆ, ಬೆಳಿಗ್ಗೆ ಡ್ಯೂಟಿಗೆ ಮೊದಲು ಅಲ್ಲಿನ ಮೈದಾನದಲ್ಲಿ ಬಿಲ್ಲುಗಾರಿಕೆ ಕಲಿಯುತ್ತಾರಂತೆ. ಆವರೆಗೆ ಬೇರೆಯವರ ಬಿಲ್ಲು ಕೇಳಿ ತೆಗೆದುಕೊಂಡು ಅಭ್ಯಾಸ. ಸಂಕ್ರಾಂತಿ ಕಳೆದ ಮೇಲೆ ಶಿವಮೊಗ್ಗದಲ್ಲಿ ಆಯ್ಕೆ ಇತ್ತು. ಅದಕ್ಕೆ ಸ್ವಂತ ಬಿಲ್ಲು ಬೇಕಿತ್ತು.

"ಮೂರು ಗೆರೆದು ಇದ್ಯಾ ಅಣ್ಣ? ನಿಮ್ಮ ಮಾವನ ಬಿಲ್ಲಿಗೆ ಮೂರು ಗೆರೆ ಇರ್ಬೇಕು ಅಂತ ಅಲ್ಲೆಲ್ಲ ಹೇಳ್ತಾರೆ."

"ಇದೆ ಮೇಡಂ. ಸಂಕ್ರಾಂತಿ ಒಳಗೆ ಕೈಯಲ್ಲಿರುತ್ತೆ" ಅಂದುಬಿಟ್ಟೆ. ಆಕೆಯ ಮುಖ ಅರಳಿತು. ಬಲಗೈ ಮುಂದೆ ಚಾಚಿ, ಬೆರಳು ಅಗಲಿಸಿ ತೋರಿಸಿದರು. "ನಮ್ಮ ಕೋಚ್ ಹೇಳ್ತಾರೆ, ನಿಮ್ಮ ಕೈ ಒಳ್ಳೇದು, ಲೇಟಾಗಿ ಶುರು ಮಾಡಿದ್ದೊಂದೇ ತಪ್ಪು ಅಂತ. ಮದುವೆ, ಮಕ್ಕಳು, ಡ್ಯೂಟಿ ಅಂತ ಎಲ್ಲ ಮುಗಿದ ಮೇಲೆ ನಂಗೆ ಅಂತ ಸಿಕ್ಕಿದ್ದು ಇದೊಂದೇ ಅಣ್ಣ."

ಆಮೇಲೆ ಮಾವನಿಗೆ ಫೋನ್ ಮಾಡಿದೆ. ಮೂರು ಮಳೆಯದೆಲ್ಲ ಖಾಲಿ. "ಮುಂದಿನ ಹಬ್ಬಕ್ಕೆ ಬರ್ಲಿಕ್ಕೆ ಹೇಳು. ಕಾಯ್ತಾರೆ ಬಿಡು" ಅಂದರು ಮಾವ.

ಕಾಯುತ್ತಿದ್ದರೇನೋ. ನಾನು ಕೇಳಲೇ ಇಲ್ಲ. ಕೊಟ್ಟ ಮಾತನ್ನು ವಾಪಸ್ಸು ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಒಣ ಜಂಬ. ನನ್ನ ಅಟ್ಟದಲ್ಲಿದ್ದ ಒಂದು ಮಳೆಯ ದಬ್ಬೆಯೊಂದನ್ನು ಕೆಳಗಿಳಿಸಿದೆ. ಊರಾಚೆ ಪರಿಚಯದವರೊಬ್ಬರ ಅಡಿಕೆ ಡ್ರೈಯರ್ ಇತ್ತು. ಕೊಯ್ಲಿನ ಕಾಲ, ದಿನವಿಡೀ ಉರಿ. ಅಡಿಕೆಯ ಟ್ರೇಗಳ ಪಕ್ಕ ದಬ್ಬೆಯನ್ನು ಒರಗಿಸಿ ಎಂಟು ದಿನ ಬಿಟ್ಟೆ. ತೆಗೆದ ಮೇಲೆ, ಮಾವ ಮಾಡುವ ಹಾಗೆ, ಕೆನ್ನೆಗೆ ಒತ್ತಿ ನೋಡಿದೆ. ಬೆಚ್ಚಗಿತ್ತು. ಡ್ರೈಯರಿನಿಂದ ಹೊರಗೆ ತೆಗೆದದ್ದು ಬೆಚ್ಚಗಿರದೆ ಇನ್ನೇನು ಐಸಿನ ಹಾಗೆ ಇರುತ್ತದೆಯೇ, ಮಂಗ! ಆದರೂ ಸರಿ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕೆತ್ತುವಾಗ ಹಿಡಿಯ ಕೆಳಗೆ ಒಂದು ಬಿರುಕು ಕಂಡಿತು. ಕೂದಲಿನಷ್ಟು ಸಣ್ಣದು. ಅಲ್ಲಿಗೆ ಕೈ ನಿಲ್ಲಿಸಬೇಕಿತ್ತು. ನಾನು ಅಂಟಿಗೆ ಕಪ್ಪು ಹುಡಿ ಕಲಸಿ ಅದರಲ್ಲಿ ತುಂಬಿ, ಉಜ್ಜಿ, ಎಣ್ಣೆ ಸವರಿದೆ. ಬಿರುಕು ಮಾಯವಾಯಿತು. ಕಿಟಕಿ ಚೌಕಟ್ಟಿಗೆ ನಾವು ಹೀಗೆ ಮಾಡುವುದುಂಟು. ಕಿಟಕಿಯನ್ನು ಯಾರೂ ಮುಖದ ಹತ್ತಿರ ಎಳೆದು ಬಗ್ಗಿಸುವುದಿಲ್ಲ.

ಆಮೇಲೆ ಗೆರೆ. ಮಾವನ ಡೊಂಕು ಗೆರೆಯ ಕೆಳಗೆ ಇನ್ನೆರಡು ಗೆರೆ ಎಳೆದೆ. ಹಬ್ಬಕ್ಕೆ ಹೆಂಡತಿ ಕಲಸಿದ ಶೇಡಿ ಬಚ್ಚಲ ಮೂಲೆಯಲ್ಲಿ ಒಣಗಿ ಕೂತಿತ್ತು, ನಾಲ್ಕು ಹನಿ ನೀರು ಹಾಕಿದರೆ ಸಾಕಾಯಿತು. ಎರಡು ಮಳೆಗಾಲಕ್ಕೆ ನಾನು ತೆಗೆದುಕೊಂಡ ಹೊತ್ತು ಒಂದು ಲೋಟ ಚಹಾ ಕುಡಿಯುವಷ್ಟು ಕೂಡ ಅಲ್ಲ.

ಬಿಲ್ಲು ತೆಗೆದುಕೊಂಡ ದಿನ ಆಕೆ ಆ ಗೆರೆಗಳ ಮೇಲೆ ಬೆರಳಾಡಿಸಿ ಕಣ್ಣಿಗೊತ್ತಿಕೊಂಡರು. ನಾನು ನೋಡುತ್ತ ನಿಂತಿದ್ದೆ. ಥೂ ನನ್ನ ಜನ್ಮಕ್ಕಿಷ್ಟು!

ಆಯ್ಕೆಗೆ ಇನ್ನು ಐದು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ಅವರ ಕೋಚ್ ಫೋನ್ ಮಾಡಿದರು. ಬಿಲ್ಲು ಎಳೆದಿದ್ದಾಗಲೇ ಮುರಿದು, ಸಿಗುರು ಹಾರಿ, ಆಕೆಯ ಹುಬ್ಬಿನ ಮೇಲೆ ಗಾಯ. ಕಣ್ಣಿಗೆ ಏನೂ ಆಗಿಲ್ಲ, ಮೂರು ಹೊಲಿಗೆ ಹಾಕಿದ್ದಾರೆ. ನಾನು ಬೈಕು ಹತ್ತಿದೆ. ಹೋಗಿ ಕಾಲಿಗೆ ಬೀಳಬೇಕು ಅಂತಲೇ ಹೊರಟಿದ್ದು, ಆಣೆ ಮಾಡಿ ಹೇಳುತ್ತೇನೆ. ಆದರೆ ಮೈದಾನದಲ್ಲಿ, ಆಸ್ಪತ್ರೆಯಿಂದ ವಾಪಸ್ಸು ಬಂದಿದ್ದ ಆಕೆಯ ಸುತ್ತ, ಹತ್ತು ಹನ್ನೊಂದು ಜನ ನಿಂತಿದ್ದರು. ಒಬ್ಬರು ಮುರಿದ ತುಂಡನ್ನು ಎತ್ತಿ, "ಏನ್ರಿ ಇದು, ಮೂರು ಗೆರೆ ಬಿಲ್ಲು ಹಿಂಗೆ ಹೋಗುತ್ತಾ?" ಅಂದರು.

ನನ್ನ ಕೋಪ ಮೂಗಿನ ತುದಿಯಲ್ಲಿದೆ ಅನ್ನುತ್ತಾಳೆ ಹೆಂಡತಿ. ತಪ್ಪು ನನ್ನದೇ ಆಗಿದ್ದರಂತೂ ಅದು ಮೂಗು ಬಿಟ್ಟು ಮುಂದೆಯೇ ಬರುತ್ತದೆ.

"ಬಿಲ್ಲನ್ನ ಎಲ್ಲಿ ಇಡ್ತಿದ್ರಿ?" ಎಂದು ಆಕೆಯನ್ನೇ ಕೇಳಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದರು.

"ಬಸ್ಸಲ್ಲೇ ಅಣ್ಣ. ಡ್ರೈವರ್ ಪಕ್ಕ."

"ಡ್ರೈವರ್ ಪಕ್ಕ ಅಂದ್ರೆ? ಎಂಜಿನ್ ಮೇಲಾ?"

"ಎರಡು ದಿನ ಮಾತ್ರ... ರಶ್ ಇತ್ತು, ಬೇರೆ ಜಾಗ ಇರ್ಲಿಲ್ಲ."

ಸಾಕಾಯಿತು ನನಗೆ. ಅದನ್ನೇ ಹಿಡಿದುಕೊಂಡೆ. "ಎಂಜಿನ್ ಮೇಲೆ! ಮೂರು ಮಳೆ ಕಾದಿದ್ದನ್ನ ಎರಡು ದಿನದಲ್ಲಿ ಸುಟ್ಟು ಹಾಕಿದ್ರಲ್ಲ! ಅದೇನು ಮೀನಾ, ಕಾಯಿಸೋಕೆ? ಬಿಲ್ಲು ಹಿಡಿಯೋ ಕೈಗೆ ಮೊದ್ಲು ಬಿಲ್ಲು ಇಡೋದು ಗೊತ್ತಿರ್ಬೇಕು. ಕೈಯಲ್ಲಿ ಯೋಗ್ಯತೆ ಇಲ್ದೆ ಹೋದ್ರೆ ಎಂಥ ಬಿಲ್ಲು ಕೊಟ್ರೂ ಅಷ್ಟೇ!" ಇದನ್ನೆಲ್ಲ ಗಂಟಲು ಹರಿಯುವ ಹಾಗೆ ಕಿರುಚಿ ಹೇಳಿದೆ. ಹನ್ನೊಂದು ಜನ ತಲೆ ಅಲ್ಲಾಡಿಸಿದರು. ಹೌದಲ್ಲ, ಎಂಜಿನ್ ಬಿಸಿ ಅಂದರೆ ಕಮ್ಮಿಯಾ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಆಕೆ ಎದ್ದು ನಿಂತರು. "ತಪ್ಪಾಯ್ತು ಅಣ್ಣ. ನಂಗೆ ಗೊತ್ತಾಗ್ಲಿಲ್ಲ. ಮಾವನಿಗೆ ಹೇಳ್ಬೇಡಿ, ಪಾಪ, ಬೇಜಾರ್ ಮಾಡ್ಕೊಳ್ತಾರೆ." ಎರಡೂ ಕೈ ಜೋಡಿಸಿ ಕೇಳಿದರು. ನಾನು ಮುರಿದ ತುಂಡುಗಳನ್ನು ಎತ್ತಿಕೊಂಡು ಬೈಕು ಹತ್ತಿದೆ. ಯಾರಾದರೂ ಸರಿಯಾಗಿ ನೋಡಿಬಿಟ್ಟಾರು ಎಂಬ ಭಯಕ್ಕೆ ಎತ್ತಿಕೊಂಡದ್ದು.

ಆಯ್ಕೆಗೆ ಆಕೆ ಹೋಗಲಿಲ್ಲ. ಗಾಯ ವಾಸಿಯಾದ ಮೇಲೂ ಮೈದಾನಕ್ಕೆ ಹೋಗಲಿಲ್ಲವೆಂದು ಕೋಚ್ ಒಮ್ಮೆ ಫೋನಿನಲ್ಲಿ ಹೇಳಿದರು. ಬೇರೆಯವರ ಬಿಲ್ಲು ಕೊಟ್ಟರೂ ಬೇಡ ಅಂದರಂತೆ, ನನ್ನ ಕೈ ಸರಿ ಇಲ್ಲ, ಇದನ್ನೂ ಹಾಳು ಮಾಡುತ್ತೇನೆ ಅಂದರಂತೆ. ನಾನು "ಹೌದಾ, ಪಾಪ" ಅಂದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ಬಾಯಿಯ ತನಕ ಬರುತ್ತಿತ್ತು, ಚಹಾದ ಜೊತೆ ಒಳಗೆ ಹೋಗುತ್ತಿತ್ತು. ಬೆಳಿಗ್ಗೆ ಅವರ ಬಸ್ಸು ಅಂಗಡಿ ಮುಂದೆ ಹೋಗುವ ಹೊತ್ತಿಗೆ ನಾನು ಒಳಗೆ ಏನೋ ಹುಡುಕುವವನ ಹಾಗೆ ಬಗ್ಗಿರುತ್ತಿದ್ದೆ. ಆಕೆ ಬಾಗಿಲಲ್ಲಿ ನಿಂತು ಅಂಗಡಿಯತ್ತ ಕೈ ಎತ್ತುವುದನ್ನು ಮಾತ್ರ ಬಿಡಲಿಲ್ಲ. ಕೈ ಎತ್ತಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಆಕೆಯ ಮೇಲೆ!

ಶಿವರಾತ್ರಿ ಕಳೆದ ಮೇಲೆ ಮಾವ ವರದಹಳ್ಳಿಯ ಆಶ್ರಮಕ್ಕೆ ಹೋದವರು ವಾಪಸ್ಸಾಗುವಾಗ ಅಂಗಡಿಗೆ ಬಂದರು. ಎಲೆಯಡಿಕೆಯ ಕವಳ ಹಾಕಲೆಂದು ಕೂತವರು ಹಲಗೆಗಳ ಸಂದಿಯಿಂದ ಆ ಮುರಿದ ತುಂಡನ್ನು ಎಳೆದರು. ನಾನು ಅದನ್ನು ಸುಡಬೇಕೆಂದು ಎಷ್ಟು ಸಲ ಒಲೆಯ ತನಕ ಒಯ್ದಿದ್ದೆನೋ, ಸುಟ್ಟಿರಲಿಲ್ಲ. ಯಾಕೆಂದು ಗೊತ್ತಿಲ್ಲ. ಮಾವ ಅದನ್ನು ಬೆಳಕಿಗೆ ಹಿಡಿದರು. ಮೂಸಿದರು.

"ಅಡಿಕೆ ವಾಸ್ನೆ ಬರ್ತಿದ್ಯಲ್ಲೋ."

ನಾನು ಉಳಿ ಎತ್ತಿಕೊಂಡು ಸಾಣೆಗೆ ಹಚ್ಚತೊಡಗಿದೆ.

"ಮೂರು ಮಳೆ ಕಂಡ ದಬ್ಬೆದು ಮೊದಲ್ನೇ ಗೆರೆ ಹೊಗೆ ಹಿಡಿದು ಕಾಫಿ ಬಣ್ಣ ಆಗಿರುತ್ತೆ. ಎರಡನೇದು ಅರಿಶಿನ. ಕೊನೇದು ಬಿಳಿ. ಇಲ್ಲಿ ಮೂರೂ ಬಿಳಿ." ಬೆರಳಿನಿಂದ ಒಂದೊಂದನ್ನೇ ಮುಟ್ಟಿದರು. "ಮೊದಲ್ನೇದು ನಂದು. ಎಷ್ಟು ಡೊಂಕಿದೆ ನೋಡು. ಈ ಎರಡು ನೆಟ್ಟಗಿದಾವೆ. ಇವು ಯಾರ್ದು?"

ನನ್ನದೆಂದು ಹೇಳಿದೆ. ಎಲ್ಲವನ್ನೂ ಹೇಳಿದೆ, ಮೈದಾನದಲ್ಲಿ ಕೂಗಾಡಿದ್ದನ್ನೂ. ಅವರು ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಹೊರಗೆ ಹೋಗಿ ಕವಳ ಉಗಿದು ಬಂದರು.

"ಗೆರೆಗೆ ಶೇಡಿ ಸಾಕಾಯ್ತು ನಿಂಗೆ. ಮಳೆ ಎಲ್ಲಿಂದ ತಂದಿ?"



ಮರುವಾರ ನನ್ನನ್ನು ಊರಿಗೆ ಕರೆಸಿದರು. ಅಟ್ಟದ ಮೂಲೆಯಲ್ಲಿದ್ದ ಏಳು ಮಳೆಯ ದಬ್ಬೆಯನ್ನು, ಯಾರಿಗೂ ಮುಟ್ಟಲು ಬಿಡದಿದ್ದ ಅದನ್ನು, ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಏಳು ಗೆರೆಯಲ್ಲಿ ಮೇಲಿನ ನಾಲ್ಕು ಕಣ್ಣಿಗೆ ಕಾಣದಷ್ಟು ಕಪ್ಪಾಗಿದ್ದವು. "ಇದರಲ್ಲಿ ಬಿಲ್ಲು ಮಾಡು. ಆ ಹೆಣ್ಮಗಳಿಗೆ ಮೊದ್ಲು ಇದ್ದದ್ದು ಇದ್ದ ಹಾಗೆ ಹೇಳು, ಆಮೇಲೆ ಬಿಲ್ಲು ಕೊಡು. ತಿರುಗಾಮುರುಗಾ ಮಾಡ್ಬೇಡ."

ಬಿಲ್ಲನ್ನು ಹನ್ನೆರಡು ದಿನದಲ್ಲಿ ಮಾಡಿದೆ. ನನ್ನ ಕೈಯಿಂದ ಅಂಥದ್ದು ಮತ್ತೊಂದು ಬಂದಿಲ್ಲ. ಹೇಳುವುದಕ್ಕೆ ಮಾತ್ರ ಒಂದು ಇಡೀ ಮಳೆಗಾಲ ತೆಗೆದುಕೊಂಡೆ. ಮಾವ ವಾರಕ್ಕೊಮ್ಮೆ ಫೋನ್ ಮಾಡಿ, "ಹೇಳಿದ್ಯಾ?" ಎಂದಷ್ಟೇ ಕೇಳುತ್ತಿದ್ದರು. ಮಳೆ ಜೋರಿದೆ ಅಂದೆ. ರಸ್ತೆ ಕುಸಿದಿದೆ ಅಂದೆ. ಆಕೆ ಈಗ ಆ ರೂಟಿನಲ್ಲಿ ಬರುತ್ತಿಲ್ಲ ಅಂದೆ. ಹಾಗೆ ಅಂದ ದಿನವೂ ಆಕೆ ಅಂಗಡಿ ಮುಂದೆ ಕೈ ಎತ್ತಿ ಹೋಗಿದ್ದರು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಮಾವನ ಮನೆಯ ಬಚ್ಚಲಲ್ಲಿ ಎಂದಿನಂತೆ ದಬ್ಬೆಗಳನ್ನು ಅಟ್ಟದಿಂದ ಇಳಿಸಿದೆ. ಅತ್ತೆ ಹಂಡೆಗೆ ಬರೆದು ಮುಗಿಸಿದ್ದರು. ನಾನು ಶೇಡಿಯ ಗರಟೆ ಎತ್ತಿಕೊಂಡು ಮಾವನ ಪಕ್ಕ ನಿಂತೆ.

"ಕೆಳಗಿಡು" ಅಂದರು ಮಾವ.

"ಎಂತಕ್ಕೆ ಮಾವ? ಹಿಡ್ಕೊಳ್ತೀನಿ."

"ಬೇಡ. ಕೆಳಗಿಡು."

ಗರಟೆಯನ್ನು ನೆಲದ ಮೇಲಿಟ್ಟೆ. ಎಪ್ಪತ್ತು ದಾಟಿದ ಮನುಷ್ಯ, ಒಂದೊಂದು ಗೆರೆಗೂ ಸೊಂಟ ಬಗ್ಗಿಸಿ, ನೆಲದ ಗರಟೆಯಲ್ಲಿ ಬೆರಳು ಅದ್ದಿ, ಎದ್ದು, ನಡುಗುವ ಕೈಯಲ್ಲಿ ಗೆರೆ ಎಳೆದರು. ಹದಿನಾಲ್ಕು ದಬ್ಬೆ. ಹದಿನಾಲ್ಕು ಸಲ ಬಗ್ಗಿ ಎದ್ದರು. ನಾನು ಗೋಡೆಗೆ ಅಂಟಿ ನಿಂತಿದ್ದೆ. ಅತ್ತೆ ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದರು. ಐವತ್ತರ ಹತ್ತಿರ ಬಂದ ಗಂಡಸು ನಾನು, ಬಚ್ಚಲಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಹಬ್ಬ ಮುಗಿದ ಮೂರನೇ ದಿನ, ಹಬ್ಬಕ್ಕೆ ಬರುವಾಗ ಜೊತೆಗೆ ತಂದಿದ್ದ ಏಳು ಮಳೆಯ ಬಿಲ್ಲನ್ನು ಪಂಚೆಯಲ್ಲಿ ಸುತ್ತಿಕೊಂಡು, ಮಾವನ ಮನೆಯಿಂದ ಹೊರಟು ಹೊಸನಗರದಲ್ಲಿ ಆಕೆಯ ಬಸ್ಸು ಹತ್ತಿದೆ. ಸಿಗಂದೂರಿಗೆ ಹೋಗಿ ಬಂದವರು ತುಂಬಿದ್ದರು. ಆಕೆ ನನ್ನನ್ನು ನೋಡಿ, "ಅಯ್ಯೋ ಅಣ್ಣ, ಎಷ್ಟು ದಿನ ಆಯ್ತು!" ಎಂದು ಒಬ್ಬರನ್ನು ಸರಿಸಿ ಸೀಟು ಮಾಡಿಸಿಕೊಟ್ಟರು. ಎಡಹುಬ್ಬಿನ ಮೇಲೆ ಗಾಯದ ಗುರುತು, ಸಣ್ಣ ಬಿಳಿ ಗೆರೆ. ತೀರ್ಥಹಳ್ಳಿಯ ತನಕ ಅದೊಂದೇ ಕಣ್ಣ ಮುಂದೆ.

ಬಸ್ ನಿಲ್ದಾಣದಲ್ಲಿ ಜನ ಇಳಿದರು, ಡ್ರೈವರ್ ಚಹಾಕ್ಕೆ ಹೋದರು. ಆಕೆ ಟಿಕೆಟ್ ಮಷೀನು ಮಡಿಲಲ್ಲಿಟ್ಟುಕೊಂಡು ನನ್ನ ಎದುರಿನ ಸೀಟಿನಲ್ಲಿ ಕೂತರು. ನಾನು ಪಂಚೆ ಬಿಚ್ಚಿದೆ.

"ಏಳು ಮಳೆದು. ನಿಮಗೆ ಅಂತ ಮಾವ ಕೊಟ್ಟಿದ್ದು."

ಆಕೆ ಕೈ ಹಿಂದಕ್ಕೆ ಎಳೆದುಕೊಂಡರು. "ಬೇಡ ಅಣ್ಣ. ನಾನು ಬಿಟ್ಟಿದ್ದೀನಿ. ಮಾವನ ಒಂದು ಬಿಲ್ಲು ಸುಟ್ಟು ಹಾಕಿದ ಕೈ ಇದು. ಒಳ್ಳೆ ಕೈ ಇರೋರಿಗೆ ಕೊಡಿ."

ಹೇಳು, ಈಗ ಹೇಳು ಎಂದು ನನಗೆ ನಾನೇ ಅಂದುಕೊಂಡೆ. ಬಾಯಿಂದ ಬಂದದ್ದು ಇಷ್ಟು: "ಅದು ನಿಮ್ಮ ತಪ್ಪಲ್ಲ ಮೇಡಂ. ಮರ ಅಂದ ಮೇಲೆ ಒಂದೊಂದು ಸಲ ಹಾಗೆ ಆಗುತ್ತೆ."

ಆಕೆ ನಕ್ಕರು. "ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀರಿ. ಅವತ್ತು ಬೈದ್ರೂ ನಿಮ್ಮ ಮನಸ್ಸು ದೊಡ್ಡದು ಅಣ್ಣ."

ಆ ಮಾತು ಕೇಳಿದ ಮೇಲೆ ತಡೆಯಲಾಗಲಿಲ್ಲ. ನನ್ನ ಮನಸ್ಸು ದೊಡ್ಡದಂತೆ! "ದೊಡ್ಡದೂ ಇಲ್ಲ ಮಣ್ಣೂ ಇಲ್ಲ. ಆ ದಬ್ಬೆಗೆ ಆಗಿದ್ದು ಒಂದೇ ಮಳೆ. ಅಡಿಕೆ ಡ್ರೈಯರಲ್ಲಿ ಇಟ್ಟು ಒಣಗಿಸಿದೆ. ಬಿರುಕು ಕಂಡಿತ್ತು, ಅಂಟು ತುಂಬಿದೆ. ಎರಡು ಗೆರೆ ನಾನೇ ಎಳೆದೆ. ಎಂಜಿನ್ ಬಿಸಿಗೆ ಮುರಿದಿದ್ದಲ್ಲ. ಅದು ಮುರಿಯುತ್ತೆ ಅಂತ ಕೊಡೋವಾಗ್ಲೇ ನಂಗೆ ಒಳಗೆ ಗೊತ್ತಿತ್ತು" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಹೊರಗೆ ಯಾವುದೋ ಬಸ್ಸಿನವರು ಕೊಪ್ಪ, ಕೊಪ್ಪ ಎಂದು ಕೂಗುತ್ತಿದ್ದರು. ಆಕೆ ಬೈಯುತ್ತಾರೆ, ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದೆ. ಆಕೆ ನನ್ನತ್ತ ನೋಡಲೇ ಇಲ್ಲ. ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ಹಂಗಾದ್ರೆ ನನ್ನ ಕೈ ಸರಿ ಇತ್ತಾ?"

"ಸರಿ ಇತ್ತು."

"ಯೋಗ್ಯತೆ ಇಲ್ಲ ಅಂದ್ರಲ್ಲ."

"ಅಂದೆ."

"ಹತ್ತು ತಿಂಗಳು ಅಣ್ಣ. ಮನೇಲಿ ಒಂದು ಲೋಟ ಬಿದ್ದು ಒಡೆದ್ರೂ ನನ್ನ ಕೈಯೇ ಇಷ್ಟು ಅಂತ ಅನ್ಕೊಳ್ತಿದ್ದೆ." ಧ್ವನಿ ಏರಿಸಲಿಲ್ಲ. ಕಣ್ಣು ತುಂಬಿತ್ತು, ಅದನ್ನು ಯೂನಿಫಾರ್ಮಿನ ತೋಳಿಗೆ ಒರೆಸಿಕೊಂಡರು. "ನಂಗೆ ಇಲ್ಲಿ ಹೇಳಿದ್ದು ಸಾಕಾಗಲ್ಲ. ಅವತ್ತು ಗ್ರೌಂಡಲ್ಲಿ ಎಲ್ಲರ ಮುಂದೆ ಬೈದ್ರಿ. ಭಾನುವಾರ ಬಂದು ಅವರ ಮುಂದೇನೇ ಇದನ್ನ ಹೇಳಿ. ಆ ಮುರಿದ ತುಂಡೂ ತನ್ನಿ. ಬಿಲ್ಲನ್ನ ಅಲ್ಲಿ ತಗೊಳ್ತೀನಿ."

ಡ್ರೈವರ್ ಬಂದರು. ಆಕೆ ಎದ್ದು ಸೀಟಿ ಊದಿದರು.

ಭಾನುವಾರ ಹೋದೆ. ಅವತ್ತಿದ್ದವರಲ್ಲಿ ಏಳೆಂಟು ಜನ ಇದ್ದರು, ಕೋಚ್ ಇದ್ದರು. ಮುರಿದ ತುಂಡನ್ನು ಎತ್ತಿ ಹಿಡಿದು ಗೆರೆ ತೋರಿಸಿದೆ. ಯಾವುದು ಮಾವನದು, ಯಾವೆರಡು ನನ್ನವು, ಬಿರುಕು ಎಲ್ಲಿ ಮುಚ್ಚಿದ್ದೆ, ಎಲ್ಲ. ಕೂಗಾಡುವಾಗ ಅಷ್ಟು ದೊಡ್ಡದಿದ್ದ ಗಂಟಲು ಅವತ್ತು ನಾಲ್ಕು ಮಾರು ಆಚೆಗೂ ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ ಹೇಳ್ರಿ" ಅಂದರು ಒಬ್ಬರು. ಜೋರಾಗಿ ಇನ್ನೊಮ್ಮೆ ಹೇಳಿದೆ. ಒಬ್ಬರು ಥತ್ ಅಂದರು. ಕೋಚ್ ತಲೆ ತಗ್ಗಿಸಿ ನಿಂತುಬಿಟ್ಟರು, ಅವತ್ತು ಅವರೂ ಹೌದು ಹೌದು ಅಂದವರೇ.

ಆಕೆ ಮುಂದೆ ಬಂದರು. ಏಳು ಮಳೆಯ ಬಿಲ್ಲನ್ನು ತೆಗೆದುಕೊಂಡು, ಹೆದೆ ಏರಿಸಿ, ಗೆರೆಗಳ ಮೇಲೆ ಬೆರಳು ಆಡಿಸಿದರು. ಈ ಸಲ ಕಣ್ಣಿಗೊತ್ತಿಕೊಳ್ಳಲಿಲ್ಲ. ಕೆನ್ನೆಗೆ ಒತ್ತಿ ನೋಡಿದರು. ಅದನ್ನು ಯಾರು ಹೇಳಿಕೊಟ್ಟಿದ್ದರೋ. ಆಮೇಲೆ ಗುರಿಯ ಎದುರು ಹೋಗಿ ನಿಂತು ಬಾಣ ಹೂಡಿದರು. ಎಡಗೈ ನೇರ, ಭುಜ ಸಮ, ಬಲಗೈ ಹೆದೆಯನ್ನು ಕೆನ್ನೆಯ ತನಕ ತಂದು ನಿಲ್ಲಿಸಿತು. ಕೋಚ್ ಹೇಳಿದ್ದು ನಿಜ, ಕೈ ಬಹಳ ಒಳ್ಳೆಯದು. ಬಿಲ್ಲು ಒಂದು ಚೂರೂ ಸದ್ದು ಮಾಡದೆ ಬಗ್ಗಿತ್ತು. ನಾನು ಪಕ್ಕದಲ್ಲಿ ನಿಂತು ಮುಖವನ್ನೇ ನೋಡುತ್ತಿದ್ದೆ.

ಬಾಣ ಬಿಡುವ ಕ್ಷಣಕ್ಕೆ ಆಕೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದರು.

ಬಾಣ ಗುರಿಯ ಈಚೆಗೇ ಹುಲ್ಲಿನಲ್ಲಿ ಬಿತ್ತು. ಇನ್ನೊಂದು ಹೂಡಿದರು, ಹಾಗೆಯೇ. ಹತ್ತು ಬಾಣ ಬಿಟ್ಟರು. ಹತ್ತು ಸಲವೂ, ಬಿಡುವ ಹೊತ್ತಿಗೆ ಸರಿಯಾಗಿ, ಆ ಹುಬ್ಬು ಕೆಳಗೆ ಬಂದು ಕಣ್ಣು ಮುಚ್ಚಿತು. ಕೋಚ್ ಹತ್ತಿರ ಹೋಗಿ ಭುಜ ಮುಟ್ಟಿ ಮೆಲ್ಲಗೆ ಹೇಳಿದರು, "ಬಾಣ ಹೋಗೋವಾಗ ಕಣ್ಣು ಬಿಟ್ಟಿರಿ."

"ಬಿಟ್ಟೇ ಇದ್ನಲ್ಲ ಸರ್" ಅಂದರು ಆಕೆ.